ಸಾಂಬಾ ಸೇವೆ ಶುರುವಾಗದಿದ್ದಾಗ: ಪ್ರಾಂಶುಪಾಲರಿಗೊಂದು ಬಹಿರಂಗ ಪತ್ರ

ಕಂಪ್ಯೂಟರ್ ಲ್ಯಾಬ್ ಇರುವ ಕಾಲೇಜುಗಳ ಮಾನ್ಯ ಪ್ರಾಂಶುಪಾಲರಿಗೆ,

ಲಿನಕ್ಸ್ ಸರ್ವರ್‌ನಲ್ಲಿರುವ ಕಡತಗಳನ್ನು ಲ್ಯಾಬಿನ ವಿಂಡೋಸ್ ಯಂತ್ರಗಳಿಗೆ ತಲುಪಿಸುವ ತಂತ್ರಾಂಶ ಸಾಂಬಾ. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿದ್ದ ಆಂಡ್ರ್ಯೂ ಟ್ರಿಜೆಲ್ 1991ರ ಕೊನೆಯ ಹೊತ್ತಿಗೆ ಇದರ ಮೊದಲ ರೂಪವನ್ನು ಬರೆದರು. ಕಡತ ಹಂಚುವ ಕೆಲಸ ಇದರೊಳಗಿನ ಎಸ್‌ಎಂಬಿಡಿ ಸೇವೆಯದು. ಹಳೆಯ ನೆಟ್‌ಬಯಾಸ್ ಹೆಸರುಗಳ ಹೊಣೆ ಎನ್‌ಎಂಬಿಡಿಯದು.

ಸೇವೆ ಶುರುವಾಗದಿದ್ದರೆ ಮೇಲಿನಿಂದ ಸಾಮಾನ್ಯವಾಗಿ ಬರುವ ಸೂಚನೆ 'ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ' ಎಂಬುದು. ಇದರಿಂದ ಕೆಲಸ ಕೆಡುವುದೇ ಹೆಚ್ಚು. ಸುಮ್ಮನೆ ಮರುಸ್ಥಾಪಿಸಿದರೆ ಸಾಂಬಾದ ಸಂರಚನೆಯಿರುವ ಹಳೆಯ ಎಸ್‌ಎಂಬಿ.ಕಾನ್ಫ್ ಕಡತ ಹಾಗೇ ಉಳಿಯುತ್ತದೆ. ದೋಷ ಅದರಲ್ಲಿದ್ದರೆ ಅದೂ ಉಳಿಯುತ್ತದೆ. ಬೇರುಸಹಿತ ಅಳಿಸಿದರೆ ಬಳಕೆದಾರರ ಪಾಸ್‌ವರ್ಡ್‌ಗಳಿರುವ ದತ್ತಾಂಶವೂ ಹೋಗಬಹುದು. ಆಗ ಪ್ರತಿ ವಿದ್ಯಾರ್ಥಿಯ ಖಾತೆಯನ್ನೂ ಮೊದಲಿನಿಂದ ಕಟ್ಟಬೇಕು.

ಕಾರಣವನ್ನು ಬಹುತೇಕ ಸಲ ಯಂತ್ರವೇ ಬರೆದಿಟ್ಟಿರುತ್ತದೆ. ಸಿಸ್ಟಂಸಿಟಿಎಲ್ ಸ್ಟೇಟಸ್ ಆದೇಶ ಕೊನೆಯ ಕೆಲವು ಸಾಲುಗಳನ್ನಷ್ಟೇ ತೋರಿಸುತ್ತದೆ. ಪೂರ್ತಿ ಕಥೆ ಜರ್ನಲ್‌ಸಿಟಿಎಲ್‌ನಲ್ಲೂ ಸಾಂಬಾದ ಲಾಗ್ ಕಡತದಲ್ಲೂ ಇರುತ್ತದೆ. ಗಾಬರಿಯಲ್ಲಿ ಮತ್ತೆ ಮತ್ತೆ ರೀಸ್ಟಾರ್ಟ್ ಕೊಟ್ಟರೆ, ಪದೇ ಪದೇ ಶುರುಮಾಡಲು ಕೇಳಲಾಗಿದೆ ಎಂದು ಹೇಳಿ, ಸೇವೆಗಳನ್ನು ನಡೆಸುವ ಸಿಸ್ಟಂಡಿ ಯತ್ನವನ್ನೇ ನಿಲ್ಲಿಸಿಬಿಡುತ್ತದೆ. ಅದನ್ನೇ ದೋಷವೆಂದು ತಿಳಿಯಬಾರದು. ನಿಜವಾದ ಸಾಲು ಅದಕ್ಕಿಂತ ಮೇಲೆ, ಮೊದಲ ಯತ್ನದ ಹತ್ತಿರ ಇರುತ್ತದೆ.

ಮುಂದಿನದು ಟೆಸ್ಟ್‌ಪಾರ್ಮ್. ಅದು ಎಸ್‌ಎಂಬಿ.ಕಾನ್ಫ್ ಕಡತವನ್ನು ಓದಿ ತಪ್ಪು ಸಾಲುಗಳನ್ನು ತೋರಿಸುತ್ತದೆ. ಆದರೆ ಅದು 'ಸರಿ' ಎಂದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಹಂಚಲೆಂದು ಕಡತದಲ್ಲಿ ಹೆಸರಿಸಿದ ಫೋಲ್ಡರ್ ಡಿಸ್ಕಿನಲ್ಲಿ ಇದೆಯೇ, ಸಾಂಬಾಗೆ ಬೇಕಾದ 445ನೇ ಪೋರ್ಟನ್ನು ಇನ್ನೊಂದು ತಂತ್ರಾಂಶ ಹಿಡಿದು ಕೂತಿದೆಯೇ ಎಂಬುದು ಅದರ ವ್ಯಾಪ್ತಿಗೆ ಬರುವುದಿಲ್ಲ. ಪೋರ್ಟಿನ ವಿಷಯ ಎಸ್‌ಎಸ್ ಆದೇಶದಿಂದ ತಿಳಿಯುತ್ತದೆ.

ಎಸ್‌ಎಂಬಿ.ಕಾನ್ಫ್‌ನಲ್ಲಿ ಹೆಚ್ಚು ದಾರಿತಪ್ಪಿಸುವುದು ಇಂಟರ್‌ಫೇಸಸ್ ಎಂಬ ಸಾಲು. ಡೆಬಿಯನ್ ಮತ್ತು ಉಬುಂಟುಗಳೊಂದಿಗೆ ಬರುವ ಮಾದರಿ ಕಡತದಲ್ಲಿ ಈ ಸಾಲು ಅರ್ಧವಿರಾಮದ ಹಿಂದೆ ನಿಷ್ಕ್ರಿಯವಾಗಿರುತ್ತದೆ. ಅದರಲ್ಲಿರುವುದು 127.0.0.0/8 ಮತ್ತು ಇಟಿಎಚ್0. ಸಾಲನ್ನೂ ಅದರ ಕೆಳಗಿನ 'ಇವಕ್ಕೆ ಮಾತ್ರ ಅಂಟಿಕೋ' ಎಂಬ ಆಯ್ಕೆಯನ್ನೂ ಜಾರಿಗೆ ತಂದವರು, ಈಗಿನ ಯಂತ್ರಗಳಲ್ಲಿ ನೆಟ್‌ವರ್ಕ್ ಕಾರ್ಡಿನ ಹೆಸರು ಸಾಮಾನ್ಯವಾಗಿ ಇಎನ್‌ಪಿ3ಎಸ್0 ಎಂಬಂತೆ ಇರುತ್ತದೆ ಎನ್ನುವುದನ್ನು ಗಮನಿಸಿರುವುದಿಲ್ಲ. ಆಗ ಎಸ್‌ಎಂಬಿಡಿ ಚಾಲೂ ಇದೆ ಎಂದೇ ಕಾಣುತ್ತದೆ, ಆದರೆ ತನ್ನ ಯಂತ್ರದೊಳಗಿನ ಕರೆಗೆ ಮಾತ್ರ ಓಗೊಡುತ್ತದೆ. ಎನ್‌ಎಂಬಿಡಿಯಂತೂ ಹೊರಗಿನ ಕಾರ್ಡ್ ಬರಲೆಂದು ಕಾಯುತ್ತಲೇ ಇರುತ್ತದೆ; ಅವಧಿ ಮುಗಿದಾಗ ಸಿಸ್ಟಂಡಿ ಅದನ್ನು ವಿಫಲವೆಂದು ಘೋಷಿಸುತ್ತದೆ. ಮದರ್‌ಬೋರ್ಡ್ ಬದಲಿಸಿದ ಮರುದಿನ ಸೇವೆ ಕೈಕೊಟ್ಟರೆ ಮೊದಲು ನೋಡಬೇಕಾದದ್ದು ಈ ಸಾಲನ್ನು. ಸರಿಯಾದ ಹೆಸರು 'ಐಪಿ ಅಡ್ರೆಸ್' ಆದೇಶದಲ್ಲಿ ಸಿಗುತ್ತದೆ.

ಡಿಸ್ಕ್ ತುಂಬಿರುವುದೂ ಸಾಮಾನ್ಯ ಕಾರಣ. ವಿದ್ಯಾರ್ಥಿಗಳ ವಿಡಿಯೊಗಳೂ ಸಾಂಬಾದ ದತ್ತಾಂಶವೂ ಒಂದೇ ಪಾರ್ಟಿಷನ್‌ನಲ್ಲಿದ್ದರೆ ಬರೆಯಲು ಜಾಗವಿಲ್ಲದೆ ಸೇವೆ ನಿಲ್ಲುತ್ತದೆ. ಕರೆಂಟು ಹೋಗಿ ಸರ್ವರ್ ಥಟ್ಟನೆ ನಿಂತರೆ ಸಾಂಬಾ ತನ್ನ ದತ್ತಾಂಶ ಇಡುವ ಟಿಡಿಬಿ ಕಡತಗಳು ಕೆಡುವ ಸಾಧ್ಯತೆಯಿದೆ. ಅವನ್ನು ಟಿಡಿಬಿಬ್ಯಾಕಪ್‌ನಿಂದ ಪರೀಕ್ಷಿಸಬಹುದು. ನಕಲು ತೆಗೆದಿಡದೆ ಯಾವುದನ್ನೂ ಅಳಿಸಬಾರದು.

ಅವಸರದಲ್ಲಿ ಫೈರ್‌ವಾಲ್ ಪೂರ್ತಿ ತೆರೆಯುವುದು, ಕಡತ ಹಂಚುವ ಪ್ರೋಟೊಕಾಲ್‌ನ ಎಸ್‌ಎಂಬಿ1 ಎಂಬ ಹಳೆಯ ಆವೃತ್ತಿಯನ್ನು ಮತ್ತೆ ಚಾಲೂ ಮಾಡುವುದು ಬೇಡವೇ ಬೇಡ. ಸೇವೆ ಶುರುವಾಗದಿರುವುದಕ್ಕೆ ಇವು ಪರಿಹಾರವೇ ಅಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ1ರ ದೋಷದ ಮೂಲಕ. 2019ರ 4.11 ಆವೃತ್ತಿಯಿಂದ ಸಾಂಬಾ ಕೂಡ ಅದನ್ನು ತಾನಾಗಿ ಚಾಲೂ ಮಾಡುವುದಿಲ್ಲ.

ಈ ಕೆಲಸಕ್ಕೆ ಪ್ರಾಂಶುಪಾಲರಿಂದ ಬೇಕಾದದ್ದು ಖರೀದಿ ಆದೇಶವಲ್ಲ. ಲ್ಯಾಬ್ ನೋಡಿಕೊಳ್ಳುವವರ ಕೈಯಲ್ಲಿ ರೂಟ್ ಪಾಸ್‌ವರ್ಡ್ ಇರಬೇಕು. ಎಸ್‌ಎಂಬಿ.ಕಾನ್ಫ್ ಮತ್ತು ಪಾಸ್‌ವರ್ಡ್ ದತ್ತಾಂಶದ ಪ್ರತಿ ಇನ್ನೊಂದು ಯಂತ್ರದಲ್ಲಿರಬೇಕು. ಲಾಗ್ ಓದಿ ಮುಗಿಯುವ ತನಕ, ಪ್ರಾಯೋಗಿಕ ಪರೀಕ್ಷೆಯ ಬೆಳಿಗ್ಗೆಯೇ ಆದರೂ, ಫಾರ್ಮ್ಯಾಟ್ ಮಾಡಿ ಎಂಬ ಸೂಚನೆ ಕಚೇರಿಯಿಂದ ಬರಬಾರದು.

ಇಂತಿ,
ಲ್ಯಾಬ್ ಸರ್ವರ್‌ಗಳ ನಿರ್ವಾಹಕರ ಪರವಾಗಿ