ಸಾಕ್ಷ್ಯಚಿತ್ರಗಳಿಗೆ ತವರಿನಲ್ಲೂ ತೆರೆ ಸಿಗಲಿ: ಕರ್ನಾಟಕ ಚಲನಚಿತ್ರ ಅಕಾಡೆಮಿಗೆ ಮನವಿ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಕರ್ನಾಟಕ ಚಲನಚಿತ್ರ ಅಕಾಡೆಮಿ,
ಬೆಂಗಳೂರು.

ಇವರಿಂದ,
ರಾಜ್ಯದ ಸ್ವತಂತ್ರ ಸಾಕ್ಷ್ಯಚಿತ್ರ ನಿರ್ದೇಶಕರು, ತಂತ್ರಜ್ಞರು ಮತ್ತು ಫಿಲ್ಮ್ ಸೊಸೈಟಿ ಕಾರ್ಯಕರ್ತರು.

ವಿಷಯ: ಸ್ವತಂತ್ರ ಸಾಕ್ಷ್ಯಚಿತ್ರಗಳ ಪ್ರದರ್ಶನ, ಸಂರಕ್ಷಣೆ ಮತ್ತು ಸಹಾಯಧನಕ್ಕೆ ಶಾಶ್ವತ ವ್ಯವಸ್ಥೆ ರೂಪಿಸುವ ಬಗ್ಗೆ.

ಮಾನ್ಯರೇ,

ಕಳೆದ ಕೆಲವು ವರ್ಷಗಳಲ್ಲಿ ಭಾರತದ ಸಾಕ್ಷ್ಯಚಿತ್ರಗಳು ಜಗತ್ತಿನ ದೊಡ್ಡ ವೇದಿಕೆಗಳಲ್ಲಿ ಮೇಲಿಂದ ಮೇಲೆ ಮನ್ನಣೆ ಪಡೆದಿವೆ. ಕಾನ್ ಚಿತ್ರೋತ್ಸವದಲ್ಲಿ ಸಾಕ್ಷ್ಯಚಿತ್ರಕ್ಕೆ ಮೀಸಲಾದ 'ಗೋಲ್ಡನ್ ಐ' ಪ್ರಶಸ್ತಿ 2021ರಲ್ಲಿ ಪಾಯಲ್ ಕಪಾಡಿಯಾ ಅವರ 'ಎ ನೈಟ್ ಆಫ್ ನೋಯಿಂಗ್ ನಥಿಂಗ್'ಗೆ, 2022ರಲ್ಲಿ ಶೌನಕ್ ಸೇನ್ ಅವರ 'ಆಲ್ ದಟ್ ಬ್ರೀತ್ಸ್'ಗೆ ಸಂದಿತು. ದಲಿತ ಪತ್ರಕರ್ತೆಯರನ್ನು ಕುರಿತ 'ರೈಟಿಂಗ್ ವಿತ್ ಫೈರ್' 2022ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತು. ಮರುವರ್ಷ ಕಾರ್ತಿಕಿ ಗೊನ್ಸಾಲ್ವಿಸ್ ಅವರ 'ದಿ ಎಲಿಫೆಂಟ್ ವಿಸ್ಪರರ್ಸ್' ಆಸ್ಕರ್ ಗೆದ್ದೇಬಿಟ್ಟಿತು. ಅದು ನಮ್ಮ ಬಂಡೀಪುರಕ್ಕೆ ಅಂಟಿಕೊಂಡಿರುವ ಮುದುಮಲೈ ಕಾಡಿನ ಕಥೆ.

ಈ ಗೌರವ ನಮಗೆಲ್ಲ ಹೆಮ್ಮೆ ತಂದಿದೆ. ಆದರೆ ಇಂಥ ಚಿತ್ರಗಳನ್ನು ದೊಡ್ಡ ತೆರೆಯ ಮೇಲೆ ಊರಿನವರ ಜೊತೆ ಕೂತು ನೋಡುವ, ನೋಡಿದ ಮೇಲೆ ಚರ್ಚಿಸುವ ಅವಕಾಶ ನಮ್ಮ ಜಿಲ್ಲೆ, ತಾಲ್ಲೂಕುಗಳ ಜನರಿಗೆ ಇಲ್ಲವೆಂಬಷ್ಟು ವಿರಳ. ಕರ್ನಾಟಕದಲ್ಲೇ ತಯಾರಾಗುವ ಚಿತ್ರಗಳ ಪಾಡೂ ಅದೇ. ಯಾರ ಬದುಕನ್ನು ಚಿತ್ರಿಸಿದೆವೋ ಅವರ ಊರಿಗೇ ಚಿತ್ರವನ್ನು ಮರಳಿ ಒಯ್ಯಲು ನಮಗೆ ದಾರಿಯಿಲ್ಲ. ಆ ದಾರಿಯನ್ನು ಅಕಾಡೆಮಿ ತೆರೆಯಬೇಕೆಂಬುದೇ ಈ ಮನವಿಯ ತಿರುಳು.

ಒಂದು ನಿದರ್ಶನವನ್ನು ತಮ್ಮ ಗಮನಕ್ಕೆ ತರಬಯಸುತ್ತೇವೆ. ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್ ಮತ್ತು ಛಾಯಾಗ್ರಾಹಕ ನವರೋಜ್ ಕಾಂಟ್ರಾಕ್ಟರ್ 1980ರಲ್ಲಿ 'ಯುಗಾಂತರ್' ಎಂಬ ಚಿತ್ರ ಬಳಗ ಕಟ್ಟಿದರು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯಲ್ಲಿ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘಟಿತರಾಗಿ ಮುಷ್ಕರ ಹೂಡಿದ್ದನ್ನು ಈ ಬಳಗ ಆ ಕಾರ್ಮಿಕರ ಜೊತೆಗೂಡಿ 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಚಿತ್ರವಾಗಿಸಿತು (1982). ಕರ್ನಾಟಕದ ಕಾರ್ಮಿಕ ಚರಿತ್ರೆಗೂ ಮಹಿಳಾ ಚಳವಳಿಗೂ ಅದು ಅಮೂಲ್ಯ ದಾಖಲೆ. ಯುಗಾಂತರ್‌ನ ಚಿತ್ರಗಳನ್ನು ಡಿಜಿಟಲ್ ರೂಪದಲ್ಲಿ ಪುನರುಜ್ಜೀವನಗೊಳಿಸಿದ್ದು ಬರ್ಲಿನ್‌ನ ಆರ್ಸೆನಲ್ ಸಂಸ್ಥೆ. ಆ ಸಂಸ್ಥೆಗೆ ನಾವು ಕೃತಜ್ಞರು. ಆದರೂ ನಿಪ್ಪಾಣಿಯ ತಾಯಂದಿರ ಹೋರಾಟದ ದೃಶ್ಯಗಳನ್ನು ಉಳಿಸಿಕೊಳ್ಳುವ ಹೊಣೆ ಮೊದಲು ಕರ್ನಾಟಕದ್ದಲ್ಲವೇ?

ಸಾಕ್ಷ್ಯಚಿತ್ರವನ್ನು ನೋಡುವವರು ಯಾರು ಎಂಬ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ನಮ್ಮ ನಾಡಿನ ಅನುಭವ ಬೇರೆಯೇ ಹೇಳುತ್ತದೆ. ಹೆಗ್ಗೋಡಿನ ನೀನಾಸಂ 1970ರ ದಶಕದಿಂದಲೇ ಹಳ್ಳಿಯ ಜನರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತೋರಿಸಿತು. 1980ರ ದಶಕದಲ್ಲಿ 'ಜನಸ್ಪಂದನ' ಯೋಜನೆಯ ಮೂಲಕ ಅದನ್ನು ಬೇರೆ ಊರುಗಳಿಗೂ ಕೊಂಡೊಯ್ದಿತು. 2020ರ ಜನವರಿಯಲ್ಲಿ 'ವೈಲ್ಡ್ ಕರ್ನಾಟಕ' ಸಾಕ್ಷ್ಯಚಿತ್ರ ಚಿತ್ರಮಂದಿರಗಳಲ್ಲಿ ತೆರೆಕಂಡಿತು. 2022ರ ಅಕ್ಟೋಬರ್ 28ರಂದು 'ಗಂಧದ ಗುಡಿ' ಬಿಡುಗಡೆಯಾದಾಗ ಕುಟುಂಬ ಸಮೇತ ಜನ ಬಂದರು. ಅವರನ್ನು ಕರೆತಂದದ್ದು ಪುನೀತ್ ರಾಜ್‌ಕುಮಾರ್ ಮೇಲಿನ ಪ್ರೀತಿ, ನಿಜ. ಆದರೆ ಬಂದವರು ಹಾಡು, ಹೊಡೆದಾಟಗಳ ನಿರೀಕ್ಷೆಯಿಲ್ಲದೆ ಕಾಡು, ಕಡಲು, ನದಿಗಳನ್ನು ಕಣ್ತುಂಬಿಕೊಂಡರು. ಬೆಂಗಳೂರಿನ ಸೃಷ್ಟಿ ಸಂಸ್ಥೆಯಲ್ಲಿ 2003ರಲ್ಲಿ ಆರಂಭವಾದ ಶಬ್ನಮ್ ವಿರ್ಮಾನಿ ಅವರ ಕಬೀರ್ ಯೋಜನೆಯ ಚಿತ್ರಗಳು ಗಾಯನ ಮೇಳ, ಯಾತ್ರೆಗಳ ಜೊತೆ ಊರೂರು ಸುತ್ತಿ ತಮ್ಮದೇ ಪ್ರೇಕ್ಷಕ ವರ್ಗವನ್ನು ಕಂಡುಕೊಂಡವು. ತೋರಿಸುವವರಿದ್ದರೆ ನೋಡುವವರಿಗೆ ಬರವಿಲ್ಲ.

ನೆರೆಯ ಕೇರಳದಲ್ಲಿ ಅಲ್ಲಿನ ಚಲನಚಿತ್ರ ಅಕಾಡೆಮಿಯು 2008ರಿಂದ ತಿರುವನಂತಪುರದಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗಾಗಿಯೇ ಅಂತರರಾಷ್ಟ್ರೀಯ ಉತ್ಸವ ನಡೆಸುತ್ತಿದೆ. 2024ರ ಮಾರ್ಚ್‌ನಲ್ಲಿ ಕೇರಳ ಸರ್ಕಾರ 'ಸಿ ಸ್ಪೇಸ್' ಎಂಬ ಸ್ವಂತ ಒಟಿಟಿ ವೇದಿಕೆಯನ್ನೂ ಆರಂಭಿಸಿತು. ನಮ್ಮ ರಾಜ್ಯ ಸರ್ಕಾರವೂ 2025-26ರ ಆಯವ್ಯಯದಲ್ಲಿ ಕನ್ನಡ ಚಿತ್ರಗಳಿಗೆ ಒಟಿಟಿ ವೇದಿಕೆ, 3 ಕೋಟಿ ರೂ. ವೆಚ್ಚದ ಚಿತ್ರ ಭಂಡಾರ ಮತ್ತು ನಂದಿನಿ ಬಡಾವಣೆಯಲ್ಲಿ ಅಕಾಡೆಮಿಗೆ ಸೇರಿದ 2.5 ಎಕರೆ ಜಾಗದಲ್ಲಿ ಮಲ್ಟಿಪ್ಲೆಕ್ಸ್ ಸಂಕೀರ್ಣವನ್ನು ಘೋಷಿಸಿತು. ಈ ಮೂರೂ ಸ್ವಾಗತಾರ್ಹ. ಇವುಗಳ ನೀಲನಕ್ಷೆಯಲ್ಲೇ ಸಾಕ್ಷ್ಯಚಿತ್ರಕ್ಕೆ ಜಾಗ ಗುರುತಾಗಬೇಕು. ಎಲ್ಲ ಮುಗಿದ ಮೇಲೆ ಉಳಿದ ಮೂಲೆಯನ್ನು ಕೊಡುವಂತಾಗಬಾರದು.

ಆದ್ದರಿಂದ ಈ ಕೆಳಗಿನ ಬೇಡಿಕೆಗಳನ್ನು ತಮ್ಮ ಮುಂದಿಡುತ್ತಿದ್ದೇವೆ:

1. ಉತ್ಸವದಲ್ಲಿ ಸ್ಪರ್ಧೆ: ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಏಷ್ಯಾ, ಭಾರತೀಯ ಮತ್ತು ಕನ್ನಡ ಸ್ಪರ್ಧಾ ವಿಭಾಗಗಳ ಜೊತೆಗೆ ಸಾಕ್ಷ್ಯಚಿತ್ರಕ್ಕೆ ಪ್ರತ್ಯೇಕ ಸ್ಪರ್ಧಾ ವಿಭಾಗವಿರಲಿ. ಅದರ ತೀರ್ಪುಗಾರರು ಸಾಕ್ಷ್ಯಚಿತ್ರ ಕ್ಷೇತ್ರದಲ್ಲಿ ದುಡಿದವರಾಗಿರಲಿ.

2. ರಾಜ್ಯ ಪ್ರಶಸ್ತಿ: ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳು 1954ರಲ್ಲಿ ಶುರುವಾದಾಗಲೇ ಕಥಾಚಿತ್ರದ ಜೊತೆ ಸಾಕ್ಷ್ಯಚಿತ್ರಕ್ಕೂ ಚಿನ್ನದ ಪದಕವಿತ್ತು. ರಾಜ್ಯ ಪ್ರಶಸ್ತಿಯಲ್ಲೂ ನಿರ್ದೇಶನ, ಛಾಯಾಗ್ರಹಣ, ಧ್ವನಿಗ್ರಹಣ ಮತ್ತು ಸಂಕಲನ ಒಳಗೊಂಡ ಪೂರ್ಣ ಸಾಕ್ಷ್ಯಚಿತ್ರ ವಿಭಾಗ ಇರುವಂತೆ ಸರ್ಕಾರಕ್ಕೆ ಶಿಫಾರಸು ಮಾಡಬೇಕು.

3. ಸಹಾಯಧನ: ಸಾಕ್ಷ್ಯಚಿತ್ರ ಪೂರ್ವನಿಗದಿತ ವೇಳಾಪಟ್ಟಿಯಲ್ಲಿ ಮುಗಿಯುವ ಕೆಲಸವಲ್ಲ. ಬರಗಾಲವನ್ನೋ ಚಳವಳಿಯನ್ನೋ ವರ್ಷಗಟ್ಟಲೆ ಹಿಂಬಾಲಿಸಬೇಕಾಗುತ್ತದೆ; ನಿರ್ದೇಶಕರೇ ಕೈಯಿಂದ ಹಣ ಹಾಕಿ, ಹಣ ಮುಗಿದಾಗ ಚಿತ್ರೀಕರಣ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಸಂಶೋಧನೆ, ಚಿತ್ರೀಕರಣ ಮತ್ತು ಸಂಕಲನದ ಹಂತಗಳಿಗೆ ಕಂತುಗಳಲ್ಲಿ ಹಣ ಬಿಡುಗಡೆ ಮಾಡುವ ಪ್ರತ್ಯೇಕ ನಿಧಿ ಬೇಕು. ವರ್ಷಕ್ಕೆ ಕನಿಷ್ಠ 10 ಚಿತ್ರಗಳಿಗೆ ನೆರವು ಸಿಗಲಿ. ಮೊದಲ ಚಿತ್ರ ಮಾಡುವವರಿಗೂ ಬೆಂಗಳೂರಿನ ಹೊರಗಿನವರಿಗೂ ಅದರಲ್ಲಿ ಪಾಲಿರಲಿ.

4. ಭಾಷೆ: ನಿಪ್ಪಾಣಿಯ ಕಾರ್ಮಿಕರು ಚಿತ್ರದಲ್ಲಿ ಮರಾಠಿಯಲ್ಲಿ ಮಾತಾಡುತ್ತಾರೆ, ಏಕೆಂದರೆ ಅದೇ ಅವರ ಮನೆಮಾತು. ಸಾಕ್ಷ್ಯಚಿತ್ರ ಜನರ ನುಡಿಯನ್ನು ಬದಲಿಸಲಾರದು. ತುಳು, ಕೊಡವ, ಕೊಂಕಣಿ, ಬ್ಯಾರಿ, ಲಂಬಾಣಿ, ಉರ್ದು, ಮರಾಠಿ ಸೇರಿದಂತೆ ರಾಜ್ಯದ ಯಾವುದೇ ನುಡಿಯ ಸಾಕ್ಷ್ಯಚಿತ್ರ ಕನ್ನಡ ಸಬ್‌ಟೈಟಲ್ ಹೊಂದಿದ್ದರೆ ನೆರವಿಗೆ ಅರ್ಹವಾಗಬೇಕು.

5. ಊರೂರಿಗೆ ಪ್ರದರ್ಶನ: ಜಿಲ್ಲಾ ರಂಗಮಂದಿರ, ಕನ್ನಡ ಭವನ, ಸರ್ಕಾರಿ ಕಾಲೇಜು ಮತ್ತು ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ತಿಂಗಳಿಗೊಂದು ಸಾಕ್ಷ್ಯಚಿತ್ರ ಪ್ರದರ್ಶನ, ಅದರ ಬೆನ್ನಿಗೆ ಸಂವಾದ ನಡೆಯಲಿ. ಪ್ರೊಜೆಕ್ಟರ್, ಧ್ವನಿವರ್ಧಕಗಳನ್ನು ಜಿಲ್ಲಾ ವಾರ್ತಾಧಿಕಾರಿಗಳ ಕಚೇರಿಯ ಮೂಲಕ ಒದಗಿಸಬಹುದು. ಪ್ರತಿ ಪ್ರದರ್ಶನಕ್ಕೂ ನಿರ್ದೇಶಕರಿಗೆ ಗೌರವಧನ ಸಲ್ಲಬೇಕು. ಪ್ರಚಾರ ಸಿಕ್ಕೀತೆಂಬ ಮಾತು ದುಡಿಮೆಗೆ ಕೂಲಿಯಾಗದು.

6. ಒಟಿಟಿ ಮತ್ತು ಮಲ್ಟಿಪ್ಲೆಕ್ಸ್: ಸರ್ಕಾರದ ಒಟಿಟಿ ವೇದಿಕೆಯಲ್ಲಿ ಸಾಕ್ಷ್ಯಚಿತ್ರಗಳಿಗೆ ಪ್ರತ್ಯೇಕ ವಿಭಾಗ, ವೀಕ್ಷಣೆಗೆ ತಕ್ಕ ಸಂಭಾವನೆ ಮತ್ತು ಪಾರದರ್ಶಕ ಲೆಕ್ಕ ಇರಬೇಕು. ನಂದಿನಿ ಬಡಾವಣೆಯ ಸಂಕೀರ್ಣದಲ್ಲಿ ಒಂದು ಚಿಕ್ಕ ತೆರೆಯನ್ನು ವರ್ಷವಿಡೀ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳಿಗೆ ಮೀಸಲಿಡಬೇಕು. ಖಾಸಗಿ ಪಾಲುದಾರರೊಂದಿಗಿನ ಕರಾರಿನಲ್ಲೇ ಈ ಷರತ್ತನ್ನು ಸೇರಿಸಬೇಕು.

7. ಚಿತ್ರ ಭಂಡಾರ: ಗಿರೀಶ ಕಾರ್ನಾಡರು ಬೇಂದ್ರೆಯವರನ್ನು ಕುರಿತು 1972ರಲ್ಲಿ ಮಾಡಿದ ಚಿತ್ರ, ಅವರದೇ 1988ರ 'ಕನಕ ಪುರಂದರ', ಯುಗಾಂತರ್‌ನ ನಿಪ್ಪಾಣಿ ಚಿತ್ರ, ಇಂಥವು ಭಂಡಾರದ ಮೊದಲ ಪಟ್ಟಿಯಲ್ಲೇ ಬರಲಿ. ಹಕ್ಕು ಹೊಂದಿರುವ ಸಂಸ್ಥೆಗಳೊಡನೆ ಅಕಾಡೆಮಿಯೇ ಮಾತುಕತೆ ನಡೆಸಿ ಪ್ರತಿ ತರಿಸಲಿ. ಹಳೆಯ ಟೇಪು, ಹಾರ್ಡ್ ಡಿಸ್ಕ್‌ಗಳಲ್ಲಿ ಉಳಿದ ಚಿತ್ರಗಳು ಹಾಳಾಗುವ ಮುನ್ನ ಡಿಜಿಟಲೀಕರಣಕ್ಕೆ ಉಚಿತ ಸೌಲಭ್ಯ ಕಲ್ಪಿಸಲಿ.

8. ಪ್ರಮಾಣಪತ್ರ: 1952ರ ಚಲನಚಿತ್ರ ಕಾಯ್ದೆಯಂತೆ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ನಾಲ್ಕು ಊರುಗಳಲ್ಲಿ ಉಚಿತವಾಗಿ ತೋರಿಸುವ ಚಿತ್ರಕ್ಕೂ ಇದು ಹೊರೆ. ಪ್ರಮಾಣಪತ್ರದ ಶುಲ್ಕವನ್ನು ಅಕಾಡೆಮಿ ಭರಿಸಬೇಕು; ಉತ್ಸವ ಪ್ರದರ್ಶನಗಳಿಗೆ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ವಿನಾಯಿತಿ ಪಡೆಯಲು ನೆರವಾಗಬೇಕು. ಆಡಳಿತಕ್ಕೆ ಇರಿಸುಮುರಿಸಾಗುವ ವಿಷಯವೆಂಬ ಕಾರಣಕ್ಕೆ ಯಾವ ಚಿತ್ರವನ್ನೂ ಆಯ್ಕೆಯಿಂದ ಹೊರಗಿಡಬಾರದು.

ಮಾನ್ಯರೇ, ಸಾಕ್ಷ್ಯಚಿತ್ರ ಈ ನಾಡಿನ ಜನರ ದುಡಿಮೆ, ನೋವು, ಜಾಣ್ಮೆ, ಹೋರಾಟಗಳ ದಾಖಲೆ. ವಿದೇಶದ ಪ್ರಶಸ್ತಿ ಬಂದಾಗ ಮಾತ್ರ ಅದನ್ನು ನೆನೆದರೆ ಸಾಲದು. ಇಲ್ಲಿ ಕೇಳಿರುವ ಬಹುಪಾಲು ವ್ಯವಸ್ಥೆಗಳಿಗೆ ಕಟ್ಟಡ, ಕಚೇರಿ, ಘೋಷಣೆಗಳು ಈಗಾಗಲೇ ಇವೆ. ಬೇಕಿರುವುದು ಒಂದು ಸ್ಪಷ್ಟ ನೀತಿ ಮತ್ತು ಅದನ್ನು ನಡೆಸಿಕೊಡುವ ಮನಸ್ಸು.

ಆದಕಾರಣ, ಸಾಕ್ಷ್ಯಚಿತ್ರ ನೀತಿಯ ಕರಡು ಸಿದ್ಧಪಡಿಸಲು ನಿರ್ದೇಶಕರು, ತಂತ್ರಜ್ಞರು, ಫಿಲ್ಮ್ ಸೊಸೈಟಿಗಳು ಮತ್ತು ಗ್ರಂಥಾಲಯ ಇಲಾಖೆಯ ಪ್ರತಿನಿಧಿಗಳನ್ನೊಳಗೊಂಡ ಸಮಿತಿಯನ್ನು ರಚಿಸಬೇಕೆಂದೂ, ಮುಂದಿನ ಆಯವ್ಯಯಕ್ಕೆ ಮುನ್ನ ಅದರ ಶಿಫಾರಸುಗಳನ್ನು ಸರ್ಕಾರಕ್ಕೆ ಸಲ್ಲಿಸಬೇಕೆಂದೂ ಕೋರುತ್ತೇವೆ. ಈ ಬಗ್ಗೆ ಮುಖಾಮುಖಿ ಚರ್ಚೆಗೆ ಒಂದು ತಿಂಗಳೊಳಗೆ ಸಮಯ ನಿಗದಿಪಡಿಸಿಕೊಡಬೇಕಾಗಿ ವಿನಂತಿ. ಚಿತ್ರಗಳ ಪಟ್ಟಿ ತಯಾರಿಸುವುದರಿಂದ ಹಿಡಿದು ಹಳ್ಳಿಗಳಲ್ಲಿ ಪ್ರದರ್ಶನ, ಸಂವಾದ ನಡೆಸುವವರೆಗೆ ಅಕಾಡೆಮಿಯ ಜೊತೆ ದುಡಿಯಲು ನಾವು ಸಿದ್ಧರಿದ್ದೇವೆ.



ತಮ್ಮ ವಿಶ್ವಾಸಿಗಳು,
ರಾಜ್ಯದ ಸ್ವತಂತ್ರ ಸಾಕ್ಷ್ಯಚಿತ್ರ ನಿರ್ದೇಶಕರು, ತಂತ್ರಜ್ಞರು ಮತ್ತು ಫಿಲ್ಮ್ ಸೊಸೈಟಿ ಕಾರ್ಯಕರ್ತರ ಪರವಾಗಿ

ಪ್ರತಿಗಳು:
ಆಯುಕ್ತರು, ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ
ನಿರ್ದೇಶಕರು, ಕನ್ನಡ ಮತ್ತು ಸಂಸ್ಕೃತಿ ಇಲಾಖೆ