ಸಂಖದ ಕಲ್ಲು, ಸಿದ್ಧಾಂತದ ಲೆಕ್ಕ

ಜತ್ತ ತಾಲೂಕಿನ ಸಂಖ ಎಂಬ ಊರಿನ ಹೊಲಗಳ ಕೆಳಗಿರುವುದು ಬಸಾಲ್ಟ್, ಗಟ್ಟಿ ಕಪ್ಪುಕಲ್ಲು. ಅದರ ಮೈ ನೀರು ಹಿಡಿಯುವುದು ಕಡಿಮೆ. ನೀರು ನಿಲ್ಲುವುದು ಮೇಲಿನ ಮುರಮ್ ಪದರದಲ್ಲಿ, ಬಿರುಕುಗಳಲ್ಲಿ, ಲಾವಾದ ಒಂದು ಪದರ ಇನ್ನೊಂದರ ಮೇಲೆ ಕೂತ ಸಂದಿನಲ್ಲಿ. ಜತ್ತದಂಥ ಬರದ ತಾಲೂಕಿನಲ್ಲಿ ಒಬ್ಬರ ಬೋರಿಗೆ ಸೆಲೆ ಸಿಕ್ಕು, ಬದುವಿನಾಚೆಯ ಬೋರಿನಲ್ಲಿ ಬರೀ ಧೂಳೆದ್ದರೆ ಅದಕ್ಕೆ ಕಾರಣ ಇದೇ.

ಬಿರುಕಿಗೆ ಬಿರುಕು ಕೂಡಿ ನೀರಿಗೆ ದಾರಿಯಾಗುವುದು ಯಾವಾಗ? ಸಾಂಖ್ಯಿಕ ಭೌತವಿಜ್ಞಾನದಲ್ಲಿ ಇದಕ್ಕೊಂದು ಲೆಕ್ಕವಿದೆ. 1957ರಲ್ಲಿ ಬ್ರಾಡ್‌ಬೆಂಟ್ ಮತ್ತು ಹ್ಯಾಮರ್ಸ್ಲಿ ಶುರುಮಾಡಿದ ಪರ್ಕೊಲೇಷನ್ ಸಿದ್ಧಾಂತ ಅದು. ಚೌಕುಳಿ ಹಾಳೆಯ ಮನೆಗಳನ್ನು ಮನಬಂದಂತೆ ತೆರೆಯುತ್ತ ಹೋಗಿ. ಹಾಳೆ ತುಂಬ ದೊಡ್ಡದಿದ್ದರೆ, ಸುಮಾರು ಶೇ. 59.3ರಷ್ಟು ಮನೆಗಳು ತೆರೆದಾಗ ಈ ಅಂಚಿನಿಂದ ಆ ಅಂಚಿಗೆ ದಾರಿ ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಕಡಿಮೆಯಾದರೂ ದಾರಿಯಿಲ್ಲ. ಇದೇ ಮಿತಿ.

ಕಲ್ಲಿನ ಬಣ್ಣ, ರಸಾಯನ, ವಯಸ್ಸು ಎಲ್ಲವನ್ನೂ ಬಿಟ್ಟು ಕೂಡಿಕೆಯೊಂದನ್ನೇ ನೋಡುವ ಈ ಧೈರ್ಯವೇ ಸಿದ್ಧಾಂತದ ಬಲ. ಅದು ಬರೀ ಹಾಳೆಯ ಆಟವಲ್ಲ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಹುಕಾಲ ಕೆಲಸ ಮಾಡಿದ ಟಿ.ವಿ. ರಾಮಕೃಷ್ಣನ್ ಮತ್ತು ಮೂವರು ಸಂಗಡಿಗರು 1979ರಲ್ಲಿ ಇದೇ ಬಗೆಯ ಧೈರ್ಯ ಮಾಡಿದರು. ತೆಳು ಹಾಳೆಯಂಥ ವಸ್ತುವಿನಲ್ಲಿ ಅಸ್ತವ್ಯಸ್ತತೆ ಎಷ್ಟೇ ಕಡಿಮೆಯಿದ್ದರೂ ಎಲೆಕ್ಟ್ರಾನುಗಳು ಕೊನೆಗೆ ಸಿಕ್ಕಿಬೀಳುತ್ತವೆ ಎಂದರು. ಅದು ಯಾವ ಲೋಹ ಎಂದು ಕೇಳಲೇ ಇಲ್ಲ. ಘನವಸ್ತುಗಳ ಅಧ್ಯಯನದ ದಿಕ್ಕನ್ನೇ ಆ ಪ್ರಬಂಧ ಬದಲಿಸಿತು.

ಆದರೆ ಎಲೆಕ್ಟ್ರಾನುಗಳು ಒಂದನ್ನೊಂದು ತಳ್ಳುವುದನ್ನು ಆ ಲೆಕ್ಕ ಬದಿಗಿಟ್ಟಿತ್ತು. 1990ರ ದಶಕದ ಸಿಲಿಕಾನ್ ಪ್ರಯೋಗಗಳಲ್ಲಿ ಲೋಹದಂಥ ವರ್ತನೆ ಕಂಡಾಗ, ಬಿಟ್ಟ ವಿವರವೇ ಎದ್ದು ನಿಂತಿತು.

ಸಂಖದ ಮಟ್ಟಿಗೆ ಆಕ್ಷೇಪ ಇನ್ನೂ ಹರಿತವಾದದ್ದು. ಚೌಕದ ಬದಲು ತ್ರಿಕೋನ ಜಾಲ ತೆಗೆದುಕೊಂಡರೆ ಮಿತಿ ಶೇ. 50ಕ್ಕೆ ಇಳಿಯುತ್ತದೆ. ಮಿತಿಯ ಆಸುಪಾಸಿನಲ್ಲಿ ಜಾಲ ಬೆಳೆಯುವ ಬಗೆ ಎರಡಕ್ಕೂ ಒಂದೇ, ಮಿತಿ ಮಾತ್ರ ಬೇರೆ. ರೈತನಿಗೆ ಬೇಕಾದದ್ದು ಆ ಮಿತಿ, ಅದೂ ತನ್ನ ಹೊಲದ್ದು. ಜೊತೆಗೆ ನಿಜವಾದ ಬಿರುಕುಗಳಿಗೆ ದಿಕ್ಕಿದೆ, ಲಾವಾದ ಸಂದುಗಳು ಅಡ್ಡಡ್ಡ ಚಾಚಿವೆ. ಮನಬಂದಂತೆ ತೆರೆದ ಮನೆಗಳಲ್ಲ ಅವು. ಹೀಗಿರುವಾಗ ಎಲ್ಲಿ ಕೊರೆಸಬೇಕು ಎಂಬುದಕ್ಕೆ ಭೂವಿಜ್ಞಾನಿಯ ನಕ್ಷೆಯೇ ಹೆಚ್ಚು ನಂಬಲರ್ಹ. ಸಿದ್ಧಾಂತಿ ಅಲ್ಲಿ ಬಾಯಿ ಹಾಕಬಾರದು ಎಂದೇ ನನ್ನ ಅಭಿಪ್ರಾಯ.

ಆದರೆ ಇಡೀ ಊರಿನ ಪ್ರಶ್ನೆ ಬಂದಾಗ ತಕ್ಕಡಿ ಸಿದ್ಧಾಂತದತ್ತ ವಾಲುತ್ತದೆ. ಅಂತರ್ಜಲ ಇಳಿದಂತೆ ಮೇಲಿನ ಬಿರುಕುಗಳು ಬತ್ತಿ ಕೊಂಡಿಗಳು ಕಳಚುತ್ತವೆ. ಜಾಲ ಮಿತಿಯ ಹತ್ತಿರ ಬಂದಿದ್ದರೆ, ನೀರು ಇನ್ನು ಸ್ವಲ್ಪವೇ ಇಳಿದರೂ ಬಹಳಷ್ಟು ಬೋರುಗಳು ಒಟ್ಟಿಗೆ ಬತ್ತಬಹುದು. ಒಂದೊಂದು ಬೋರನ್ನೇ ನೋಡುವವರಿಗೆ ಈ ಅಪಾಯ ಕಾಣದು. ಕಾಗದ, ಕಂಪ್ಯೂಟರ್‌ನಲ್ಲಿ ಮುಗಿಯುವ ಈ ಸಂಶೋಧನೆಗೆ ಖರ್ಚೂ ಕಡಿಮೆ.

ಆ ಮಿತಿಯನ್ನು ಸಂಖಕ್ಕೆ ಹೊಂದಿಸಲು ಬೇಕಾದ ಮಾಹಿತಿಯೇನೂ ದೂರದ್ದಲ್ಲ. ಯಾವ ಬೋರಿಗೆ ಎಷ್ಟು ಅಡಿಯಲ್ಲಿ ಸೆಲೆ ಸಿಕ್ಕಿತು, ಯಾವ ಬೇಸಿಗೆಯಲ್ಲಿ ಬತ್ತಿತು ಎಂಬುದು ಆಯಾ ಹೊಲದವರಿಗೆ ಗೊತ್ತು. ವಿಫಲವಾದವನ್ನೂ ಸೇರಿಸಿ ಅದನ್ನು ಪಂಚಾಯಿತಿ ದಾಖಲಿಸಿಟ್ಟರೆ, ಭೂವಿಜ್ಞಾನಿಗೂ ಸಿದ್ಧಾಂತಿಗೂ ಕೆಲಸಕ್ಕೆ ಬರುತ್ತದೆ.