ಪೊಟ್ಟಣದ ಜೀವಾಣು, ಗಡಿಗೆಯ ಮಜ್ಜಿಗೆ

ಮಗುವಿಗೆ ಭೇದಿಯಾಯಿತೆಂದು ಔಷಧದ ಅಂಗಡಿಗೆ ಹೋದ ತಾಯಿಯ ಕೈಗೆ ಇಂದು ಸಾಮಾನ್ಯವಾಗಿ ದೊರೆಯುವುದು ಒಂದು ಆಂಟಿಬಯಾಟಿಕ್ ಸಿರಪ್ಪು ಮತ್ತು ಪ್ರೊಬಯಾಟಿಕ್ ಪುಡಿಯ ನಾಲ್ಕಾರು ಪೊಟ್ಟಣಗಳು. ಎಷ್ಟೋ ಸಲ ಆ ಚೀಲದಲ್ಲಿ ಇಲ್ಲದಿರುವುದು ಓ.ಆರ್.ಎಸ್. ಒಂದೇ. ಅತ್ಯಗತ್ಯವಾದುದು ಹೊರಗುಳಿದು, ಅನುಮಾನಾಸ್ಪದವಾದುದು ಒಳಬಂದಿರುವ ಈ ರೂಢಿಯನ್ನು ಪ್ರಶ್ನಿಸಬೇಕಾಗಿದೆ ಎಂಬುದು ನಮ್ಮ ಅಭಿಪ್ರಾಯ. ಪ್ರೊಬಯಾಟಿಕ್ ಎಂಬುದೇ ಸುಳ್ಳೆಂದು ನಾವು ಹೇಳುತ್ತಿಲ್ಲ. ಅದು ಎಲ್ಲಿ ನಿಜ, ಎಲ್ಲಿ ಬರಿಯ ವ್ಯಾಪಾರ ಎಂಬುದನ್ನು ಓದುಗ ಬಂಧುಗಳು ಅರಿತಿರಬೇಕೆಂಬುದಷ್ಟೇ ನಮ್ಮ ಆಶಯ.

ನಮ್ಮ ಶರೀರದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ವಿಜ್ಞಾನಿಗಳು ಅಂದಾಜಿಸಿದರು. ಇವುಗಳಲ್ಲಿ ಬಹುಪಾಲು ದೊಡ್ಡ ಕರುಳಿನ ನಿವಾಸಿಗಳು. ನಾವು ಅರಗಿಸಿಕೊಳ್ಳಲಾಗದ ನಾರನ್ನು ಅವು ಹುಳಿಯಿಸಿ, ಕರುಳಿನ ಒಳಪದರಕ್ಕೆ ಆಹಾರವಾಗುವ ಆಮ್ಲಗಳನ್ನು ತಯಾರಿಸುತ್ತವೆ. ರೋಗಕಾರಕ ಕ್ರಿಮಿಗಳಿಗೆ ಜಾಗ ಕೊಡದೆ ತಡೆಯುತ್ತವೆ. ಇಂಥ ಉಪಕಾರಿ ಜೀವಿಗಳನ್ನು ಹೊರಗಿನಿಂದಲೂ ಕೊಡಬಹುದೆಂಬ ವಿಚಾರ ಹೊಸದೇನಲ್ಲ. ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್, ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಅವರು ಸೇವಿಸುವ ಹುಳಿಹಾಲೇ ಕಾರಣವಿರಬಹುದೆಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ವಾದಿಸಿದ್ದರು. ರೋಗನಿರೋಧಕ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪಡೆದ ವಿಜ್ಞಾನಿ ಆತ. ಆದರೆ ಹುಳಿಹಾಲಿನ ವಾದವು ನೊಬೆಲ್ ಪಡೆದದ್ದಲ್ಲ. ಜಾಹೀರಾತುಗಳು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಇದನ್ನು ಇಲ್ಲಿ ನೆನಪಿಸಬೇಕಾಯಿತು.

2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ತಜ್ಞರು ಕೂಡಿ ಪ್ರೊಬಯಾಟಿಕ್‌ಗೆ ಒಂದು ವ್ಯಾಖ್ಯೆಯನ್ನು ಕೊಟ್ಟರು. ಅದರ ತಿರುಳು ಇಷ್ಟು: ಜೀವಾಣುಗಳು ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಸೇವಿಸಿದವರಿಗೆ ಆರೋಗ್ಯಲಾಭವಾಗಬೇಕು. ಈ ಮೂರನೆಯ ಮಾತೇ ಕಠಿಣವಾದುದು. ಒಂದು ತಳಿಯಿಂದ ಒಂದು ರೋಗಕ್ಕೆ ಗುಣವಾಯಿತೆಂದ ಮಾತ್ರಕ್ಕೆ ಇನ್ನೊಂದು ತಳಿಯಿಂದ ಇನ್ನೊಂದು ರೋಗ ವಾಸಿಯಾಗುವುದಿಲ್ಲ. ಜ್ವರದ ಗುಳಿಗೆಯಿಂದ ಸಕ್ಕರೆಕಾಯಿಲೆ ಇಳಿಯಬೇಕೆಂದು ಯಾರೂ ಬಯಸುವುದಿಲ್ಲ; ಪ್ರೊಬಯಾಟಿಕ್ ವಿಷಯದಲ್ಲಿ ಮಾತ್ರ ಎಲ್ಲವೂ ಒಂದೇ ಎಂಬ ಭಾವನೆ ಬೇರೂರಿದೆ.

ಇದರ ನಿಜವಾದ ಶಕ್ತಿಗೆ ನಮ್ಮ ದೇಶದಲ್ಲಿಯೇ ಒಂದು ಉಜ್ಜ್ವಲ ಸಾಕ್ಷಿಯಿದೆ. ಒಡಿಶಾದ ಹಳ್ಳಿಗಳಲ್ಲಿ ನಾಲ್ಕೂವರೆ ಸಾವಿರಕ್ಕೂ ಮಿಕ್ಕಿದ ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಹುಟ್ಟಿದ ಕೆಲವೇ ದಿನಗಳಲ್ಲಿ ಆರಂಭಿಸಿ ಒಂದು ವಾರ ಕಾಲ ಅರ್ಧದಷ್ಟು ಶಿಶುಗಳಿಗೆ ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು, ಅದಕ್ಕೆ ಆಹಾರವಾಗುವ ಒಂದು ಬಗೆಯ ಸಕ್ಕರೆಯೊಡನೆ ಕೊಡಲಾಯಿತು. ಕೊಡದ ಶಿಶುಗಳಲ್ಲಿ ರಕ್ತದ ಸೋಂಕು ಅಥವಾ ಸಾವಿಗೆ ಗುರಿಯಾದವು ನೂರಕ್ಕೆ 9, ಕೊಟ್ಟವುಗಳಲ್ಲಿ 5.4. ಇವು ತಾಯಿಯ ಹಾಲು ಕುಡಿಯುತ್ತಿದ್ದ, ತಕ್ಕಷ್ಟು ತೂಕವಿದ್ದ ಶಿಶುಗಳು ಎಂಬುದನ್ನೂ ಮರೆಯಬಾರದು. ಬಡವರ ಮನೆಯ ಕೂಸುಗಳನ್ನು ಇಷ್ಟು ಅಲ್ಪ ವೆಚ್ಚದಲ್ಲಿ ಕಾಪಾಡುವ ಉಪಾಯವೊಂದು ಕಂಡುಬಂದರೆ, ಅದರ ಬಗ್ಗೆ ಅಂಗಡಿಯ ಡಬ್ಬಿಗಳಿಗಿಂತ ಹೆಚ್ಚು ಚರ್ಚೆ ನಡೆಯಬೇಕಿತ್ತು. ನಡೆಯಲಿಲ್ಲ ಎಂಬುದೇ ನಮ್ಮ ಖೇದ.

ಈಗ ಇನ್ನೊಂದು ಮಗ್ಗುಲನ್ನು ನೋಡೋಣ. ವಾಂತಿಭೇದಿಯಿಂದ ಆಸ್ಪತ್ರೆಗೆ ಬಂದ ಮಕ್ಕಳ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಎರಡು ದೊಡ್ಡ ಪ್ರಯೋಗಗಳು 2018ರಲ್ಲಿ ಪ್ರಕಟವಾದವು. ಪ್ರೊಬಯಾಟಿಕ್ ಪಡೆದವರಿಗೂ ಪಡೆಯದವರಿಗೂ ಗುಣವಾಗುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಜಠರ-ಕರುಳು ತಜ್ಞರ ಸಂಘವು 2020ರಲ್ಲಿ ತನ್ನ ಸಲಹೆಗಳನ್ನು ಪ್ರಕಟಿಸಿ, ಹೆಚ್ಚಿನ ಜೀರ್ಣಾಂಗ ಕಾಯಿಲೆಗಳಲ್ಲಿ ಇವುಗಳ ಬಳಕೆಗೆ ಸಾಕಷ್ಟು ಆಧಾರವಿಲ್ಲವೆಂದಿತು. ಆಂಟಿಬಯಾಟಿಕ್ ಸೇವಿಸುವಾಗ ಬರುವ ಭೇದಿಯನ್ನು ಕೆಲವು ತಳಿಗಳು ತಕ್ಕಮಟ್ಟಿಗೆ ತಡೆಯುತ್ತವೆ ಎಂಬುದಕ್ಕೆ ಆಧಾರವಿದೆ. ಆದರೆ ಇಸ್ರೇಲಿನಲ್ಲಿ ಕೆಲವೇ ಸ್ವಯಂಸೇವಕರ ಮೇಲೆ ನಡೆದ ಒಂದು ಅಧ್ಯಯನದಲ್ಲಿ, ಆಂಟಿಬಯಾಟಿಕ್ ಮುಗಿದ ಮೇಲೆ ಪ್ರೊಬಯಾಟಿಕ್ ಸೇವಿಸಿದವರ ಕರುಳಿನ ಸ್ವಂತ ಜೀವಾಣುಗಳು ಮರಳಿ ನೆಲೆಗೊಳ್ಳಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ಹೊಸ ಅತಿಥಿಗಳು ಮನೆಯವರಿಗೇ ಬಾಗಿಲು ಹಾಕಿದಂತೆ. ತೀವ್ರ ಕಾಯಿಲೆಯವರ ವಿಷಯದಲ್ಲಂತೂ ಎಚ್ಚರ ಇನ್ನಷ್ಟು ಬೇಕು. ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತವಿದ್ದವರಿಗೆ ಪ್ರೊಬಯಾಟಿಕ್ ಕೊಟ್ಟ ನೆದರ್ಲೆಂಡ್ಸಿನ ಪ್ರಯೋಗವೊಂದರಲ್ಲಿ ಸತ್ತವರು ನೂರಕ್ಕೆ 16, ಕೊಡದವರಲ್ಲಿ 6. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು, ರೋಗನಿರೋಧಕ ಶಕ್ತಿ ಕುಂದಿದವರು ವೈದ್ಯರನ್ನು ಕೇಳದೆ ಇವುಗಳನ್ನು ಮುಟ್ಟಬಾರದು.

ಹಾಗಾದರೆ ನಮ್ಮ ಮನೆಯ ಮೊಸರು? ಕಟ್ಟುನಿಟ್ಟಾಗಿ ನೋಡಿದರೆ ಅದು ಪ್ರೊಬಯಾಟಿಕ್ ಅಲ್ಲ. ಹೆಪ್ಪಿನಲ್ಲಿ ಯಾವ ತಳಿಯಿದೆ, ಎಷ್ಟಿದೆ ಎಂಬುದು ಮನೆಯಿಂದ ಮನೆಗೆ ಬೇರೆ. ಆದರೂ ಅದು ಜೀವಂತ ಆಹಾರ. ಹಾಲು ಕುಡಿದರೆ ಹೊಟ್ಟೆಯುಬ್ಬರಿಸುವ ಎಷ್ಟೋ ಜನರಿಗೆ ಮೊಸರು ಒಗ್ಗುವುದಕ್ಕೆ ಕಾರಣವಿದೆ: ಹಾಲಿನ ಸಕ್ಕರೆಯನ್ನು ಒಡೆಯುವ ಕೆಲಸವನ್ನು ಆ ಜೀವಾಣುಗಳು ಮಾಡಿಕೊಡುತ್ತವೆ. ಗ್ರಹಣಿಯ ಚಿಕಿತ್ಸೆಯಲ್ಲಿ ಚರಕಸಂಹಿತೆಯು ಮಜ್ಜಿಗೆಗೆ ಕೊಟ್ಟ ಸ್ಥಾನವೂ ದೊಡ್ಡದೇ. ಮಜ್ಜಿಗೆಹುಳಿಯಂತೆ ಕುದಿಸಿದಾಗ ಜೀವಾಣುಗಳು ಸಾಯುತ್ತವೆ. ರುಚಿ, ಪುಷ್ಟಿಗಳಿಗೆ ಕೊರತೆಯಿಲ್ಲ, ಆದರೆ ಜೀವಾಣುವಿನ ಲಾಭಕ್ಕೆ ಕುದಿಸದ ಮಜ್ಜಿಗೆಯೇ ಬೇಕು. ಇನ್ನು ಸಣ್ಣ ಬಾಟಲಿಯ ಸಿಹಿ ಪಾನೀಯಗಳಿಗೆ ಮಾರುಹೋಗುವವರು ಅದರ ಸಕ್ಕರೆಯ ಅಂಶವನ್ನೊಮ್ಮೆ ಓದಿ ನೋಡಲಿ.

ಜೀವಾಣುಗಳನ್ನು ಹೊರಗಿನಿಂದ ತರುವುದಕ್ಕಿಂತ ಒಳಗಿರುವವುಗಳಿಗೆ ಉಣಿಸುವುದು ಹೆಚ್ಚು ಮುಖ್ಯವೆಂದು ನಾವು ನಂಬುತ್ತೇವೆ. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಹೆಸರುಕಾಳು, ರೊಟ್ಟಿಯೊಡನೆ ಹಸಿಯಾಗಿಯೇ ತಿನ್ನುವ ಹಕ್ಕರಿಕೆ, ಮೆಂತ್ಯ, ಉಳ್ಳಾಗಡ್ಡಿ: ಇವೆಲ್ಲ ಕರುಳಿನ ಜೀವಾಣುಗಳ ನಿತ್ಯದ ಊಟ. ಅಕ್ಕಿಯನ್ನು ಬೆಳ್ಳಗೆ ಮಾಡಿ, ಮೈದಾದ ಬಿಸ್ಕತ್ತನ್ನು ಮಕ್ಕಳ ಕೈಗಿಟ್ಟು, ಅನಂತರ ಕ್ಯಾಪ್ಸೂಲಿಗೆ ಹಣ ತೆರುವುದು ಎಂಥ ಲೆಕ್ಕ?

ವೈದ್ಯರು ಪ್ರೊಬಯಾಟಿಕ್ ಬರೆದುಕೊಟ್ಟಾಗ ಸಂಕೋಚಪಡದೆ ಕೇಳಬೇಕಾದುದು ಇಷ್ಟೇ: ಇದು ಯಾವ ತಳಿ, ಯಾವ ತೊಂದರೆಗೆ, ಎಷ್ಟು ದಿನ? ಒಳ್ಳೆಯ ವೈದ್ಯರು ಈ ಪ್ರಶ್ನೆಗೆ ಮುನಿಯುವುದಿಲ್ಲ. ಮಗುವಿನ ಭೇದಿಯಲ್ಲಂತೂ ಮೊದಲು ಓ.ಆರ್.ಎಸ್.; ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ, ಕಾಯಿಸಿ ಆರಿಸಿದ ನೀರಾದರೆ ಇನ್ನೂ ಒಳ್ಳೆಯದು, ಕರಗಿಸಿ ಗುಟುಕು ಗುಟುಕಾಗಿ ಕುಡಿಸಬೇಕು. ಅದರೊಡನೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಸತುವಿನ ಗುಳಿಗೆಯನ್ನು 10ರಿಂದ 14 ದಿನ ಕೊಡಬೇಕು. ಎದೆಹಾಲನ್ನು ನಿಲ್ಲಿಸಕೂಡದು. ಮಲದಲ್ಲಿ ರಕ್ತ ಕಂಡರೆ, ಮಗು ಕುಡಿಯಲಾರದೆ ಮಂಕಾದರೆ, ಕಣ್ಣು ಗುಳಿಬಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಓ.ಆರ್.ಎಸ್. ಪೊಟ್ಟಣವು ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿಯೇ ದೊರೆಯುತ್ತದೆ. ಮಕ್ಕಳಿರುವ ಪ್ರತಿ ಮನೆಯಲ್ಲಿಯೂ ಎರಡು ಪೊಟ್ಟಣಗಳನ್ನು ಮುಂಚಿತವಾಗಿ ತಂದಿಟ್ಟುಕೊಳ್ಳುವುದು ಲೇಸು.